ಶನಿವಾರಕ್ಕೊಂದು ತಪ್ಪು

ಶುಕ್ರವಾರ ಬಂತೆಂದರೆ ಒಕ್ದಾನ್ ಮತ್ತು ಚೇಸುನ್ ಓಣಿಯ ಕೊನೆಯ ನೀರಿನ ಪೀಪಾಯಿಯ ಹತ್ತಿರ ಸೇರುತ್ತಿದ್ದರು. ನೀರು ಹಿಡಿಯುವುದು ನೆಪ. ಅಲ್ಲಿ ಅವರು ತಪ್ಪುಗಳನ್ನು ಹಂಚಿಕೊಳ್ಳುತ್ತಿದ್ದರು.

ಶನಿವಾರ ಮಹಿಳಾ ಸಂಘದ ಸಭೆ. ಪ್ರತಿಯೊಬ್ಬಳೂ ಎದ್ದು ನಿಂತು ಮೊದಲು ಆ ವಾರದ ತನ್ನ ತಪ್ಪನ್ನು ಒಪ್ಪಿಕೊಳ್ಳಬೇಕು, ಆಮೇಲೆ ಇನ್ನೊಬ್ಬಳ ತಪ್ಪನ್ನು ಎತ್ತಿ ಆಡಬೇಕು. ಯಾರೂ ತಪ್ಪು ಮಾಡಿಲ್ಲ ಎನ್ನುವ ಹಾಗಿಲ್ಲ, ಅದಕ್ಕಿಂತ ದೊಡ್ಡ ತಪ್ಪು ಬೇರೆ ಇಲ್ಲ. ಹಾಗಾಗಿ ಊರಿನ ಹೆಂಗಸರೆಲ್ಲ ಮಾಡುವುದನ್ನೇ ಇವರೂ ಮಾಡುತ್ತಿದ್ದರು. ಯಾರ ಕೂದಲೂ ಕೊಂಕದಂಥ ಪುಟ್ಟ ತಪ್ಪೊಂದನ್ನು ನೀನು ನನ್ನ ಮೇಲೆ ಹಾಕು, ನಾನು ನಿನ್ನ ಮೇಲೆ ಹಾಕುತ್ತೇನೆ ಎಂದು ಮೊದಲೇ ಗೊತ್ತುಮಾಡಿಕೊಳ್ಳುತ್ತಿದ್ದರು. ಪಕ್ಕದ ಮನೆಯಿಂದ ಒಂದು ಬಟ್ಟಲು ಉಪ್ಪು ತಂದು ಮುಂದಿನ ವಾರ ಹಿಂದಿರುಗಿಸಿದ ಹಾಗೆ.

ಇದು ಶುರುವಾಗಿ ಹತ್ತೊಂಬತ್ತು ವರ್ಷ. ಒಕ್ದಾನ್ ಮದುವೆಯಾಗಿ ಈ ಸಾಲುಮನೆಗೆ ಬಂದ ಹೊಸತರಲ್ಲಿ, ಎಲೆ ಉದುರುವ ಕಾಲದಲ್ಲಿ, ಪಕ್ಕದ ಮನೆಯ ಚೇಸುನ್ ಸಭೆಯಲ್ಲಿ ಎದ್ದು ನಿಂತು, ಸಂಗಾತಿ ಒಕ್ದಾನ್ ಓಣಿ ಗುಡಿಸುವಾಗ ನನ್ನ ಬಾಗಿಲ ಮುಂದಿನ ಎಲೆಗಳನ್ನು ಬಿಟ್ಟಿದ್ದಾಳೆ ಎಂದಿದ್ದಳು. ಅದು ಶುದ್ಧ ಸುಳ್ಳು. ಒಕ್ದಾನ್ ಒಂದೊಂದು ಎಲೆಯನ್ನೂ ಬಳಿದು ತೆಗೆದಿದ್ದಳು. ಮನೆಗೆ ಬಂದವಳೇ ಪೊರಕೆ ಹಿಡಿದುಕೊಂಡು ಜಗಳಕ್ಕೆ ಹೋದರೆ ಚೇಸುನ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

"ಹುಚ್ಚಿ, ನಾನು ಎಲೆ ಅಂದಿದ್ದಕ್ಕೆ ನೀನು ಬಚಾವಾದೆ. ಹೊಸಬಳ ಮೇಲೆ ಎಲ್ಲರ ಕಣ್ಣೂ ಇರತ್ತೆ. ನಾನು ಬಾಯಿ ಬಿಡದೇ ಇದ್ದಿದ್ರೆ ಇನ್ಯಾರೋ ಇನ್ನೇನೋ ಅಂದಿರೋರು."

ಅಂದಿನಿಂದ ಒಕ್ದಾನ್‌ಗೆ ಅವಳು ಅಕ್ಕ. ಇಬ್ಬರೂ ಸೇರಿ ಹಿತ್ತಿಲಲ್ಲಿ ಗುಂಡಿ ತೋಡಿ ಚಳಿಗಾಲಕ್ಕೆಂದು ಹಾಕಿದ ಕೋಸಿನ ಉಪ್ಪಿನಕಾಯಿ ಕಿಮ್ಚಿಯ ಜಾಡಿಗಳನ್ನು ಒಂದೇ ಗುಂಡಿಯಲ್ಲಿ ಹೂಳುತ್ತಿದ್ದರು. ಒಕ್ದಾನ್‌ಳ ಗಂಡ ಮರದ ಅಡ್ಡೆಯಲ್ಲಿ ದಿಮ್ಮಿ ಉರುಳಿ ಸತ್ತಾಗ ಅವಳ ಬಾಯಿಗೆ ಗಂಜಿ ಹಾಕಿದವಳು ಚೇಸುನ್. ಮಗ ಸೈನ್ಯಕ್ಕೆ ಹೋದ ಮೇಲಂತೂ ಒಕ್ದಾನ್‌ಗೆ ಈ ಲೋಕದಲ್ಲಿ ತನ್ನವರು ಅಂತ ಇದ್ದದ್ದು ಆ ಗೋಡೆಯಾಚೆ ಮಾತ್ರ.

ಆಮೇಲೆ ರೋಗ ಬಂತು. ನಮ್ಮಲ್ಲಿ ಒಬ್ಬರಿಗೂ ಬಂದಿಲ್ಲ ಎಂದು ಧ್ವನಿವರ್ಧಕ ದಿನವೂ ಹೇಳುತ್ತಿತ್ತು. ಒಬ್ಬರಿಗೂ ಬಾರದ ರೋಗಕ್ಕೆ ಗಡಿ ಮುಚ್ಚಿತು, ಸಂತೆ ಸೊರಗಿತು, ಒಕ್ದಾನ್‌ಳ ತೋಫು ವ್ಯಾಪಾರ ನಿಂತಿತು. ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಮನೆಮನೆಗೆ ಬಂದು ಹಣೆಗೆ ಜ್ವರದ ಯಂತ್ರ ಹಿಡಿಯುತ್ತಿದ್ದರು. ಮೈ ಸ್ವಲ್ಪ ಬಿಸಿಯಿದ್ದರೂ ಆ ಮನೆಯ ಬಾಗಿಲಿಗೆ ಹೊರಗಿನಿಂದ ಹಲಗೆ ಬೀಳುತ್ತಿತ್ತು. ಮೂರನೇ ಮನೆಯ ಮುದುಕ ಹಾಗೆ ಹಲಗೆಯ ಹಿಂದೆಯೇ ಹೋದ. ಜ್ವರಕ್ಕೋ ಹಸಿವಿಗೋ ಎಂದು ಯಾರೂ ಕೇಳಲಿಲ್ಲ. ಗಡಿಯ ಅಮ್ನೊಕ್ ಹೊಳೆಯ ದಡಕ್ಕೆ, ಯಾರೂ ದಾಟಬಾರದೆಂದು, ಹಗ್ಗ ಕಟ್ಟಿದರು. ಬಟ್ಟೆ ಒಗೆಯುವುದಕ್ಕೆ ಗುರುವಾರ ಮಾತ್ರ ಎರಡು ಗಂಟೆ ಬಿಡುತ್ತಿದ್ದರು, ಅದೂ ಬಂದೂಕಿನವರ ಕಣ್ಣೆದುರು. ಸಂಘದ ಅಧ್ಯಕ್ಷೆ ಬೊಕ್ಹೀ ಏಪ್ರಿಲ್ ಮೊದಲ ಸಭೆಯಲ್ಲಿ ಹೊಸ ಸೂಚನೆ ಕೊಟ್ಟಳು: ಇನ್ನು ಮೇಲೆ ಗುಡಿಸಲಿಲ್ಲ, ತಡವಾಗಿ ಬಂದಳು ಎನ್ನುವಂಥ ತಪ್ಪುಗಳು ನಡೆಯುವುದಿಲ್ಲ, ಎಲ್ಲ ತಪ್ಪುಗಳೂ ರೋಗ ತಡೆಗೆ ಸಂಬಂಧಿಸಿರಬೇಕು.

ನಾಲ್ಕು ವಾರಕ್ಕೆಲ್ಲ ಹೆಂಗಸರ ಬಳಿ ತಪ್ಪುಗಳೇ ಖಾಲಿಯಾಗುತ್ತ ಬಂದವು.

"ಈ ವಾರ ನಿಂಗೇನ್ ಹಾಕ್ಲಿ ಅಕ್ಕ?" ಎಂದು ಒಕ್ದಾನ್ ಪೀಪಾಯಿಯ ಹತ್ತಿರ ಕೇಳಿದಳು. "ಮಾಸ್ಕು ಮೂಗಿಂದ ಜಾರಿದ್ದು ಆಯ್ತು. ಉಪ್ಪುನೀರು ಮುಕ್ಕಳಿಸ್ಲಿಲ್ಲ ಅಂದಿದ್ದೂ ಆಯ್ತು."

ಚೇಸುನ್ ಕೊಡ ಇಳಿಸಿ ಸೊಂಟ ಹಿಡಿದುಕೊಂಡಳು. ಅವಳ ಅತ್ತೆ ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು, ಮುದುಕಿಯ ಹಾಸಿಗೆ ಬಟ್ಟೆ ದಿನಾ ಒದ್ದೆ.

"ಮಂಗಳವಾರ ಹೊಳೆಗೆ ಹೋಗಿದ್ನಲ್ಲ, ಅದನ್ನೇ ಹೇಳು. ನಲ್ಲಿ ಬರಲಿಲ್ಲ, ಮುದುಕಿ ಬಟ್ಟೆ ನಾರ್ತಿತ್ತು. ಬೆಳಗಿನ ಮಂಜಲ್ಲಿ ಇಳಿದು ಅದ್ದಿಕೊಂಡು ಬಂದೆ. ಹೊತ್ತಲ್ಲದ ಹೊತ್ತಲ್ಲಿ ಹೋದಳು ಅನ್ನು."

"ಹೊಳೆ ವಿಷಯ ಬೇಡ ಅಕ್ಕ."

"ಅರ್ಧ ದಿನ ರಸ್ತೆ ಗುಡಿಸು ಅಂತಾರೆ, ಗುಡಿಸ್ತೀನಿ ಬಿಡು. ಸುಳ್ಳು ಹೇಳಿ ಹೇಳಿ ನನಗಂತೂ ಸಾಕಾಗಿದೆ. ಒಂದು ಸಲ ನಿಜ ಹೇಳಿದ್ರೆ ಏನು ನಾಲಿಗೆ ಬಿದ್ದುಹೋಗತ್ತಾ?"

ಇಬ್ಬರೂ ನಕ್ಕರು. ಒಕ್ದಾನ್ ಮನೆಗೆ ಹೋಗಿ ಸಭೆಯಲ್ಲಿ ಓದಬೇಕಾದ ತಪ್ಪುಗಳನ್ನು ಬರೆಯುವ ತನ್ನ ವಾರದ ಪುಸ್ತಕದಲ್ಲಿ ಶಾಯಿಯಿಂದ ಬರೆದಳು: ಹನ್ನೆರಡನೇ ಮನೆಯ ಸಂಗಾತಿ ಚೇಸುನ್ ಮಂಗಳವಾರ ಬೆಳಿಗ್ಗೆ ಹೊತ್ತಲ್ಲದ ಹೊತ್ತಿನಲ್ಲಿ ಹಗ್ಗ ದಾಟಿ ಹೊಳೆಗೆ ಇಳಿದಿದ್ದಾಳೆ. ಪುಸ್ತಕದ ಹಾಳೆಗಳಿಗೆ ಅಚ್ಚಿನ ಸಂಖ್ಯೆಯಿತ್ತು, ಒಂದು ಹರಿದರೂ ಗೊತ್ತಾಗುತ್ತಿತ್ತು. ಸಂಜೆ ಎಲ್ಲರಂತೆ ಅದನ್ನು ಅಧ್ಯಕ್ಷೆಯ ಮನೆಗೆ ಒಪ್ಪಿಸಿ ಬಂದಳು.

ಶನಿವಾರ ಸಭೆಗೆ ಹೋದರೆ ಮೇಜಿನ ಹಿಂದೆ ಬೊಕ್ಹೀಯ ಪಕ್ಕದಲ್ಲಿ ಅಪರಿಚಿತನೊಬ್ಬ ಕೂತಿದ್ದ. ಬಿಳಿ ನಿಲುವಂಗಿ, ಕೈಗವಸು, ಮಾಸ್ಕು. ಡಾಕ್ಟರ ವೇಷ, ಆದರೆ ಕಾಲಲ್ಲಿ ಪೊಲೀಸು ಬೂಟು. ಎದುರಿಗೆ ನಲವತ್ತು ಪುಸ್ತಕಗಳ ರಾಶಿ. ಬೊಕ್ಹೀ ಅವನನ್ನು ರೋಗ ತಡೆ ಕೇಂದ್ರದಿಂದ ಬಂದವರು ಎಂದಷ್ಟೇ ಪರಿಚಯಿಸಿದಳು. ಅವನು ಎದ್ದು, ಬೆಳಿಗ್ಗೆಯಷ್ಟೇ ಬಂದ ಹುಕುಂ ಓದಿದ.

ಈ ತಿಂಗಳ ಒಂದನೇ ತಾರೀಖಿನಿಂದೀಚೆಗೆ ಹೊತ್ತಲ್ಲದ ಹೊತ್ತಿನಲ್ಲಿ ಹಗ್ಗ ದಾಟಿದವರನ್ನು ರೋಗ ಒಳಗೆ ತರಲು ಹೋದವರೆಂದು ಎಣಿಸಲಾಗುವುದು. ತುರ್ತು ಕಾನೂನಿನಲ್ಲಿ ಅದಕ್ಕೆ ಇರುವ ಶಿಕ್ಷೆ ಒಂದೇ. ಅವರ ಮನೆಯವರನ್ನು ಗಡಿಯಿಂದ ಒಳನಾಡಿನ ಬೆಟ್ಟಗಳಿಗೆ ಸಾಗಿಸಲಾಗುವುದು. ಗೊತ್ತಿದ್ದೂ ಮುಚ್ಚಿಟ್ಟವರಿಗೆ ಅದೇ ಶಿಕ್ಷೆ. ಸುಳ್ಳು ದೂರು ಕೊಟ್ಟವರಿಗೆ ದುಡಿಮೆ ಶಿಬಿರ. ಓದಿ ಮುಗಿಸಿ ಕಾಗದ ಮಡಚಿ, ಸಭೆಯಾದ ಮೇಲೆ ಪುಸ್ತಕಗಳನ್ನೆಲ್ಲ ತಾನು ಕೊಂಡೊಯ್ಯುತ್ತೇನೆ ಎಂದು ಹೇಳಿ ಕೂತ.

ಒಕ್ದಾನ್ ತಲೆಯೆತ್ತಿ ನೋಡಿದಳು. ಎರಡು ಸಾಲು ಮುಂದೆ ಚೇಸುನ್‌ಳ ಕುತ್ತಿಗೆ ಕಾಣುತ್ತಿತ್ತು. ಆ ಕುತ್ತಿಗೆ ಅಲುಗಾಡಲಿಲ್ಲ.

ಒಂದನೇ ಮನೆಯಿಂದ ಶುರುವಾಯಿತು. ಒಬ್ಬೊಬ್ಬಳೂ ಹೋಗಿ ತನ್ನ ಪುಸ್ತಕ ಪಡೆದು, ನಿಂತು ಓದಿ, ವಾಪಸು ಮೇಜಿನ ಮೇಲಿಡಬೇಕು. ಹನ್ನೊಂದನೇ ಮನೆ ಒಕ್ದಾನ್‌ಳದು. ಹತ್ತು ಜನ ಓದುವಷ್ಟು ಹೊತ್ತು ಅವಳ ಕೈಯಲ್ಲಿತ್ತು, ಅದರಲ್ಲೇ ಒಬ್ಬಳ ಜೀವ ಉಳಿಸುವ ದಾರಿ ಹುಡುಕಬೇಕಿತ್ತು. ಬೇರೆ ಏನಾದರೂ ಓದಿಬಿಡಲೇ? ಬರೆದದ್ದು ಪುಸ್ತಕದಲ್ಲಿದೆ, ಸಂಜೆ ಅವನು ಓದುತ್ತಾನೆ. ದ್ವೇಷಕ್ಕೆ ಬರೆದೆ ಎನ್ನಲೇ? ಹುಕುಂ ಕೇಳಿದ ಮೇಲೆ ಗೆಳತಿಯನ್ನು ಉಳಿಸಲು ಮಾತು ತಿರುಗಿಸುತ್ತಿದ್ದಾಳೆ ಎಂದು ಎಂಥ ದಡ್ಡನಿಗೂ ಹೊಳೆಯುತ್ತದೆ. ಐದನೇ ಮನೆಯವಳು ಯಾರೋ ದೇವದಾರು ಕಷಾಯ ಕುಡಿಯಲಿಲ್ಲವೆಂದು ಓದುತ್ತಿದ್ದಳು. ಏಳು. ಎಂಟು. ಅವನು ನಂಬುವಂಥದ್ದು ಒಂದೇ ಇದೆ ಎಂದು ಒಕ್ದಾನ್‌ಗೆ ಅನಿಸಿತು, ಅದು ನಿಜ. ತಪ್ಪುಗಳನ್ನು ತಾವು ಮೊದಲೇ ಕೂತು ಕಟ್ಟುತ್ತೇವೆ ಎನ್ನುವ ನಿಜ. ಆ ನಿಜ ಹೇಳಿದರೆ ಹೊಳೆಯ ನಿಜ ಸುಳ್ಳಾಗುತ್ತದೆ. ಇಬ್ಬರಿಗೂ ಶಿಬಿರವಾದೀತು, ಆದರೆ ಇಬ್ಬರೂ ಉಸಿರಾಡಿಕೊಂಡಿರುತ್ತಾರೆ.

ಅವಳ ಹೆಸರು ಕರೆದರು. ಒಕ್ದಾನ್ ಪುಸ್ತಕ ತೆಗೆದುಕೊಂಡಳು, ತೆರೆಯಲಿಲ್ಲ.

"ನನ್ನ ತಪ್ಪು ಹೇಳ್ತೀನಿ," ಎಂದಳು. "ಈ ವಾರ ನಾನು ಪುಸ್ತಕದಲ್ಲಿ ಸುಳ್ಳು ಬರೆದಿದ್ದೀನಿ. ಸಂಗಾತಿ ಚೇಸುನ್ ಹೊಳೆಗೆ ಹೋದಳು ಅಂತ. ಅವಳು ಹೋಗಿಲ್ಲ. ಹೇಳಕ್ಕೆ ತಪ್ಪು ಸಿಗದೆ ನಾವಿಬ್ಬರೂ ಶುಕ್ರವಾರ ಕೂತು ಕಟ್ಟಿದ್ದು."

ಬೊಕ್ಹೀಯ ಕೈಯಲ್ಲಿದ್ದ ಪೆನ್ನು ನಿಂತಿತು. ಬಿಳಿ ಅಂಗಿಯವನು ಕೂತಲ್ಲೇ ಮುಂದೆ ಬಾಗಿದ.

"ಇಬ್ಬರೂ ಕೂತು ಕಟ್ಟಿದ್ರಾ. ಇದೇ ಮೊದಲ ಸಲವಾ?"

"ಅಲ್ಲ."

"ಬೇರೆಯವರೂ ಹೀಗೇ ಮಾಡ್ತಾರಾ?"

ಈ ಪ್ರಶ್ನೆ ಬರುತ್ತದೆಂದು ಒಕ್ದಾನ್‌ಗೆ ಹೊಳೆದೇ ಇರಲಿಲ್ಲ. ಚೇಸುನ್ ಒಬ್ಬಳನ್ನೇ ನೋಡುತ್ತ ಕೂತವಳಿಗೆ ಉಳಿದವರು ಕಾಣಿಸಿರಲಿಲ್ಲ. ಹೌದು ಎಂದರೆ ಇಡೀ ಕೋಣೆ ಹೋಗುತ್ತದೆ, ಬೊಕ್ಹೀಯೂ ಸೇರಿ. ಇಲ್ಲ ಎಂದರೆ ಅವನು ನಂಬುವುದಿಲ್ಲ. ಅವನ ಕಣ್ಣು ಆಗಲೇ ಸಾಲುಸಾಲಾಗಿ ಹೆಂಗಸರ ಮೇಲೆ ಹರಿಯುತ್ತಿತ್ತು. ತಾನೆಂಥ ಮುಠ್ಠಾಳ ಕೆಲಸ ಮಾಡಿದೆ ಎಂದು ಅವಳಿಗೆ ಆಗ ಗೊತ್ತಾಯಿತು.

ಅಷ್ಟರಲ್ಲಿ ಚೇಸುನ್, ಯಾರೂ ಕರೆಯದಿದ್ದರೂ, ಎದ್ದು ನಿಂತಳು.

"ಸುಳ್ಳು," ಎಂದಳು. "ನಾನೂ ಇವಳೂ ಕೂತು ಕಟ್ಟೋದಾ? ಇವಳ ಜೊತೆ ನಾನು ಮಾತಾಡಿ ಆರು ತಿಂಗಳಾಯ್ತು. ಹೋದ ಚಳಿಗಾಲ ಕಿಮ್ಚಿ ಗುಂಡಿ ಒಂದು ಗೇಣು ಇವಳ ಕಡೆ ಬಂತು ಅಂತ ಓಣಿ ತುಂಬ ಕೂಗಾಡಿದಳು. ನನ್ನ ಅತ್ತೆ ಸಾಯ್ಲಿ ಅಂತ ಶಾಪ ಹಾಕಿದಳು. ಈಗ ನಾನೇ ಸಾಯ್ಲಿ ಅಂತ ಹೊಳೆ ಕಥೆ ಬರೆದಿದ್ದಾಳೆ. ಸುಳ್ಳು ದೂರಿಗೆ ಶಿಬಿರ ಅಂತ ಕೇಳಿ ಹೆದರಿ, ಒಬ್ಬಳೇ ಯಾಕೆ ಹೋಗ್ಲಿ ಅಂತ ನನ್ನನ್ನೂ ಎಳೀತಿದ್ದಾಳೆ, ನಿಮ್ಮನ್ನೆಲ್ಲಾನೂ ಎಳೀತಿದ್ದಾಳೆ. ಗಂಡನ್ನ ನುಂಗಿದವಳಿಗೆ ನಾವ್ಯಾವ ಲೆಕ್ಕ?"

ಕೊನೆಯ ಮಾತು ಒಕ್ದಾನ್‌ಳ ಎದೆಗೆ ನೇರ ನಾಟಿತು. ಇಂಥ ಮಾತನ್ನು ಓಣಿಯಲ್ಲಿ ಇದುವರೆಗೆ ಯಾರೂ ಅವಳಿಗೆ ಆಡಿರಲಿಲ್ಲ. ಚೇಸುನ್‌ಳ ಮುಖದಲ್ಲಿ ಕಾಣುತ್ತಿದ್ದದ್ದು ಕಣ್ಣು ಮಾತ್ರ. ಆ ಕಣ್ಣಲ್ಲಿ ಏನಿದೆಯೆಂದು ಹುಡುಕಿದರೆ ಸಿಟ್ಟು ಬಿಟ್ಟು ಬೇರೇನೂ ಕಾಣಲಿಲ್ಲ.

ಆಮೇಲೆ ನಡೆದದ್ದೇ ವಿಚಿತ್ರ. ಹದಿನಾಲ್ಕನೇ ಮನೆಯವಳು ಕೂತಲ್ಲೇ, ಹೌದು, ಆ ಜಗಳ ನಾನೇ ಕೇಳಿದ್ದೆ ಎಂದಳು. ಇನ್ನೊಬ್ಬಳು ಬಿಡಿಸಲು ಹೋಗಿದ್ದು ತಾನೇ ಎಂದಳು. ಮತ್ತೊಬ್ಬಳಿಗೆ ಒಕ್ದಾನ್ ಎತ್ತಿದ ಸಲಿಕೆಯೂ ನೆನಪಿತ್ತು. ಆಗದ ಜಗಳವನ್ನು ನಲವತ್ತು ಹೆಂಗಸರು, ಯಾವ ಶುಕ್ರವಾರವೂ ಕೂತು ಮಾತಾಡಿಕೊಳ್ಳದೆ, ಒಂದು ಎಳೆ ತಪ್ಪದ ಹಾಗೆ ಹೆಣೆದು ಮುಗಿಸಿದರು. ಬೊಕ್ಹೀ ಗಂಟಲು ಸರಿಪಡಿಸಿಕೊಂಡು, ಆ ಗುಂಡಿಯ ತಕರಾರು ತನ್ನವರೆಗೂ ಬಂದಿತ್ತು ಎಂದು ಮುದ್ರೆ ಒತ್ತಿದಳು.

ಅವನು ಒಕ್ದಾನ್ ಕಡೆ ತಿರುಗಿದ.

"ಗುಂಡಿ ವಿಷಯ ನಿಜವಾ?"

ಅವಳು ಇಲ್ಲ ಎನ್ನಬಹುದಿತ್ತು. ಇಬ್ಬರೂ ಸೇರಿ ತೋಡಿದ ಗುಂಡಿ ಅದು, ಅವಳ ಅಂಗೈಯ ಗಂಟು ಇನ್ನೂ ಹೋಗಿರಲಿಲ್ಲ.

"ನಿಜ," ಎಂದಳು ಒಕ್ದಾನ್.

ಆರು ತಿಂಗಳ ಶಿಕ್ಷೆಯಾಯಿತು. ಶಿಬಿರದಲ್ಲಿ ಅವಳಿಂದ ಸಿಮೆಂಟು ಕಂಬ ಹೊರಿಸಿದರು. ಹೊಳೆಯುದ್ದಕ್ಕೂ ಹಗ್ಗದ ಬದಲು ತಂತಿಬೇಲಿ ಬರಲಿತ್ತು, ಅದರ ಕಂಬಗಳನ್ನು ಹೊತ್ತವಳು ತಾನೇ ಎನ್ನುವುದು ನೆನೆದರೆ ಅವಳಿಗೆ ನಗು ಬರುತ್ತಿತ್ತು. ರೋಗದ ಕಾರಣ ಕೊಟ್ಟು ಯಾರನ್ನೂ ನೋಡಲು ಬಿಡುತ್ತಿರಲಿಲ್ಲ. ಕಾಗದವೂ ಇಲ್ಲ. ಉಣ್ಣಲು ಕೊಡುತ್ತಿದ್ದದ್ದು ಜೋಳದ ತೌಡಿನ ಮುದ್ದೆ, ಯೋಚಿಸಲು ಇದ್ದದ್ದು ಒಂದೇ ವಿಷಯ.

ಅಕ್ಕ ನಟಿಸಿದಳೋ, ನಿಜವಾಗಿಯೇ ಕೈಬಿಟ್ಟಳೋ? ಕೆಲವು ದಿನ ಒಕ್ದಾನ್‌ಗೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಇಬ್ಬರ ಬದಲು ಒಬ್ಬಳು, ನಲವತ್ತು ಜನರ ಬದಲು ಒಬ್ಬಳು. ಚೇಸುನ್ ಹೋಗಿದ್ದರೆ ಹಾಸಿಗೆ ಹಿಡಿದ ಮುದುಕಿ ವಾರದಲ್ಲಿ ಸಾಯುತ್ತಿದ್ದಳು. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ ಎಂದುಕೊಳ್ಳುತ್ತಿದ್ದಳು. ಮರುದಿನ ಕಂಬದ ಕೆಳಗೆ ಹೆಗಲು ಕಿತ್ತು ಬರುವಾಗ, ಗಂಡನನ್ನು ನುಂಗಿದವಳು ಎನ್ನುವ ಮಾತು ಕಿವಿಯಲ್ಲಿ ಎದ್ದು ನಿಲ್ಲುತ್ತಿತ್ತು. ಉಳಿದದ್ದೆಲ್ಲ ಸಭೆಗೆ ಬೇಕಿತ್ತು, ಅದು ಯಾರಿಗೆ ಬೇಕಿತ್ತು? ಅಂಥ ದಿನಗಳಲ್ಲಿ ಅವಳು ಚೇಸುನ್‌ಳನ್ನು ಮನಸಾರೆ ದ್ವೇಷಿಸಿದಳು. ನಾನು ಬಾಯಿ ಬಿಟ್ಟರೆ ನೀನಿಲ್ಲ ಎಂದು ಹಲ್ಲು ಕಚ್ಚಿ ಹೇಳಿಕೊಂಡಳು. ಹೊಳೆಗೆ ಇಳಿದದ್ದಂತೂ ನಿಜ ತಾನೇ.

ಅಕ್ಟೋಬರ್ ಕೊನೆಯ ಬುಧವಾರ ಬಿಟ್ಟರು. ಓಣಿಗೆ ಬಂದಾಗ ಅವಳ ಮೈಯಲ್ಲಿ ಮೂಳೆಗಳಷ್ಟೇ ಇದ್ದವು. ಹೊಳೆಯ ಕಡೆ ಬೇಲಿ ಎದ್ದಿತ್ತು. ಹಿತ್ತಿಲಲ್ಲಿ ಗುಂಡಿಯ ನಡುವೆ ಹಲಗೆ ನಿಲ್ಲಿಸಿ ಎರಡು ಪಾಲು ಮಾಡಿದ್ದರು. ಗೋಡೆಯಾಚೆ ಮುದುಕಿ ಕೆಮ್ಮಿದಳು. ಬದುಕಿದ್ದಾಳೆ. ಒಕ್ದಾನ್‌ಗೆ ತನ್ನನ್ನೂ ಮೀರಿ ಸಮಾಧಾನವಾಯಿತು, ಆ ಸಮಾಧಾನದ ಮೇಲೆಯೇ ಸಿಟ್ಟು ಬಂತು.

ಗುರುವಾರ ಚೇಸುನ್ ಎದುರು ಸಿಕ್ಕವಳು ಮುಖ ತಿರುಗಿಸಿ ಹೋದಳು. ಶುಕ್ರವಾರ ಬೆಳಿಗ್ಗೆ ಗುಡಿಸುವ ಸರದಿ ಒಕ್ದಾನ್‌ದು. ಶಿಬಿರದಿಂದ ಬಂದವಳ ಮೇಲೆ ಕಣ್ಣಿರುತ್ತದೆಂದು ಪಾಪ್ಲರ್ ಎಲೆಗಳನ್ನು ಒಂದೂ ಬಿಡದೆ ಬಳಿದಳು, ಹನ್ನೆರಡನೇ ಮನೆಯ ಬಾಗಿಲ ಮುಂದೆ ಇನ್ನೂ ಚೊಕ್ಕಟವಾಗಿ. ಮಧ್ಯಾಹ್ನ ಕೊಡ ಹಿಡಿದು ಪೀಪಾಯಿಯ ಹತ್ತಿರ ಹೋದಳು. ಕೊಡ ತುಂಬಿತು. ಚೆಲ್ಲಿ ಮತ್ತೆ ತುಂಬಿಸಿದಳು. ಚೇಸುನ್ ಬರಲಿಲ್ಲ.

ಶನಿವಾರ ಅದೇ ಕೋಣೆ, ಅದೇ ಮೇಜು. ಬೊಕ್ಹೀಯ ಪಕ್ಕದಲ್ಲಿ ಈಗ ಬಿಳಿ ಅಂಗಿಯ ಬೇರೊಬ್ಬ. ಶಿಬಿರದಿಂದ ಬಂದವರ ಸರದಿ ಕೊನೆಗೆ. ಒಕ್ದಾನ್‌ಗೆ ಹೊಸ ಪುಸ್ತಕ ಇನ್ನೂ ಬಂದಿರಲಿಲ್ಲ, ಬಾಯಿಂದಲೇ ಹೇಳಬೇಕು ಎಂದಿದ್ದರು. ಏನು ಬೇಕಾದರೂ ಹೇಳಬಹುದಿತ್ತು. ಹೆಂಗಸರು ಯಾರೂ ಅವಳ ಕಣ್ಣಿಗೆ ಕಣ್ಣು ಕೊಡಲಿಲ್ಲ, ಎಲ್ಲರಿಗೂ ಅವಳ ನಾಲಿಗೆಯ ಭಯ. ಹೊಳೆ, ಮಂಗಳವಾರ, ಮಂಜು ಎಂದು ಅವಳು ಮಾತುಗಳನ್ನು ಒಂದೊಂದಾಗಿ ಬಾಯೊಳಗೆ ಇಟ್ಟುಕೊಂಡು ಕೂತಿದ್ದಳು. ಅಕ್ಕ ಇವತ್ತು ಇನ್ನೊಂದು ಕಲ್ಲೆಸೆದರೆ ತಾನು ಉಗುಳಿಬಿಡುತ್ತೇನೆ. ಸತ್ತರೆ ಇಬ್ಬರೂ ಸಾಯಲಿ.

ಹನ್ನೆರಡನೇ ಮನೆ ಬಂತು. ಚೇಸುನ್ ಪುಸ್ತಕ ಹಿಡಿದು ನಿಂತಳು. ಆರು ತಿಂಗಳಲ್ಲಿ ಅವಳ ಕೂದಲು ಪೂರಾ ಬೆಳ್ಳಗಾಗಿತ್ತು. ತನ್ನ ತಪ್ಪೇನೋ ಓದಿದಳು, ಒಕ್ದಾನ್‌ಗೆ ಕೇಳಿಸಲಿಲ್ಲ. ಆಮೇಲೆ ಹಾಳೆ ತಿರುಗಿಸಿದಳು.

"ಹನ್ನೊಂದನೇ ಮನೆಯ ಸಂಗಾತಿ ಒಕ್ದಾನ್," ಎಂದು ಓದಿದಳು, "ಓಣಿ ಗುಡಿಸುವಾಗ ನನ್ನ ಬಾಗಿಲ ಮುಂದಿನ ಎಲೆಗಳನ್ನು ಬಿಟ್ಟಿದ್ದಾಳೆ."

ಬೊಕ್ಹೀ ತಲೆಯೆತ್ತಿದಳು. ತಪ್ಪು ರೋಗಕ್ಕೆ ಸಂಬಂಧಿಸಿರಬೇಕು ಎಂದಳು. ಕೊಳೆತ ಎಲೆಯಲ್ಲಿ ರೋಗದ ಹುಳ ಕೂರುತ್ತದೆ ಎಂದು ಚೇಸುನ್ ಹಾಳೆಯಿಂದ ಕಣ್ಣೆತ್ತದೆ ಹೇಳಿದಳು. ಬಿಳಿ ಅಂಗಿಯವನು ಬರೆದುಕೊಂಡ. ಅವನಿಗದು ಎಲೆಯಷ್ಟೇ. ಒಕ್ದಾನ್‌ಗೆ ಕಣ್ಣು ಮಂಜಾಯಿತು. ಆರು ತಿಂಗಳು ಹೆಗಲ ಮೇಲಿದ್ದದ್ದು ಅಲ್ಲೇ ಇಳಿದುಹೋಯಿತು. ನಾನು ಎಲೆ ಅಂದಿದ್ದಕ್ಕೆ ನೀನು ಬಚಾವಾದೆ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕವಳು ಇವಳೇ. ಗಂಡನ ಮಾತನ್ನೂ ಅದಕ್ಕೇ ಆಡಿದ್ದಳು, ಅಷ್ಟು ಕೆಟ್ಟ ಮಾತಾಡದಿದ್ದರೆ ಯಾರು ನಂಬುತ್ತಿದ್ದರು? ಅಳು ತಡೆಯಲು ಒಕ್ದಾನ್ ಮಾಸ್ಕಿನೊಳಗೆ ತುಟಿ ಕಚ್ಚಿಕೊಂಡಳು.

ಕೊನೆಗೆ ಅವಳ ಸರದಿ ಬಂತು. ಬಿಳಿ ಅಂಗಿಯವನು ಪೆನ್ನು ಹಿಡಿದು ಕಾದ. ಶಿಬಿರ ನನ್ನನ್ನು ತಿದ್ದಿದೆ ಎಂದು ಒಕ್ದಾನ್ ಹೇಳಬೇಕಾದ್ದನ್ನು ಹೇಳಿದಳು. ಆಮೇಲೆ ಚೇಸುನ್‌ಳ ಕಡೆ ಕೈ ತೋರಿಸಿದಳು.

"ಹನ್ನೆರಡನೇ ಮನೆಯ ಸಂಗಾತಿ ಚೇಸುನ್‌ಳ ಕಿಮ್ಚಿ ಗುಂಡಿ ಇವತ್ತಿಗೂ ಒಂದು ಗೇಣು ನನ್ನ ಕಡೆಗೇ ಇದೆ. ಜಾಡಿಗೆ ಜಾಡಿ ತಾಗಿದ್ರೆ ರೋಗ ಹರಡತ್ತೆ. ಹೇಳಿ ಹೇಳಿ ನನಗೆ ಸಾಕಾಗಿದೆ."

ಯಾರೋ ಹಿಂದಿನಿಂದ ಕಿಸಕ್ಕೆಂದರು. ಇವರ ಜಗಳ ಸತ್ತರೂ ಮುಗಿಯುವುದಿಲ್ಲ ಎಂದು ಹದಿನಾಲ್ಕನೇ ಮನೆಯವಳು ಗೊಣಗಿದಳು. ಬೊಕ್ಹೀ ಇಬ್ಬರಿಗೂ ಬೈದು, ಅರ್ಧ ದಿನ ರಸ್ತೆ ಗುಡಿಸುವ ಶಿಕ್ಷೆ ಹಾಕಿ ಸಭೆ ಮುಗಿಸಿದಳು. ಬಾಗಿಲಲ್ಲಿ ಎದುರಾದಾಗ ಇಬ್ಬರೂ ಮುಖ ತಿರುಗಿಸಿಕೊಂಡು, ನೋಡುವವರಿಗೆ ಕಾಣುವ ಹಾಗೆ, ಒಬ್ಬರನ್ನೊಬ್ಬರು ತಳ್ಳಿಕೊಂಡೇ ಹೊರಬಿದ್ದರು.

ಮರುದಿನ ಬೆಳಿಗ್ಗೆ ಒಕ್ದಾನ್ ಪೊರಕೆ ಹಿಡಿದು ಓಣಿಗಿಳಿದಳು. ಇರುಳೆಲ್ಲ ಪಾಪ್ಲರ್ ಉದುರಿಸಿತ್ತು. ಒಂದನೇ ಮನೆಯಿಂದ ಹನ್ನೊಂದನೇ ಮನೆಯವರೆಗೆ ಚೊಕ್ಕಟವಾಗಿ ಗುಡಿಸಿದಳು. ಹನ್ನೆರಡನೇ ಬಾಗಿಲಿಗೆ ಬಂದಾಗ ನಿಂತು, ಪೊರಕೆ ಎತ್ತಿಕೊಂಡು, ಅಲ್ಲಿ ಬಿದ್ದ ಎಲೆಗಳನ್ನು ಹಾಗೆಯೇ ಬಿಟ್ಟು ಹದಿಮೂರನೇ ಮನೆಗೆ ಹೋದಳು.